ಬೆಂಕಿ ಬೇರೆ, ಬಿಸಿ ಬೇರೆ

ಕಾರಿನ ಹೆಡ್‌ಲೈಟಿನೊಳಗೆ ನೀರು ಕೂತರೆ ನಮ್ಮ ತಾಳವಾಡಿ ಕಡೆ ಎರಡೇ ಮಾತು. ಒಬ್ಬರು "ಸೆಟ್ಟೇ ಬದಲಾಯಿಸಿ" ಅಂತಾರೆ. ಇನ್ನೊಬ್ಬರು ಗ್ಯಾಸ್ ಒಲೆ ಹಚ್ಚಿ ಗಾಜು ಬಿಡಿಸೋಕೆ ಹೊರಡ್ತಾರೆ. ಎರಡೂ ತಪ್ಪು.

ಈಗಿನ ಕಾರುಗಳಲ್ಲಿ ಅದು ಗಾಜೇ ಅಲ್ಲ, ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್. ಸುಮಾರು 147 ಡಿಗ್ರಿಗೆ ಮೆತ್ತಗಾಗಿ ಸೊಟ್ಟಗಾಗುತ್ತದೆ. ಒಲೆಯ ಉರಿ ಸಾವಿರ ಡಿಗ್ರಿ ದಾಟುತ್ತದೆ. ಅಂಚಿನ ಬ್ಯುಟೈಲ್ ಅಂಟು ಸಡಿಲವಾಗಲು ನೂರರ ಆಸುಪಾಸು ಸಾಕು. ತೆಳ್ಳನೆ ಹಬೆ ತಾನೇ ಆರಿದರೆ ಬಿಚ್ಚೋದೇ ಬೇಡ. ನೀರು ನಿಂತಿದ್ದರೆ ದೀಪವನ್ನು ಕಾರಿನಿಂದ ತೆಗೆದು, ಬಲ್ಬು, ಸ್ಕ್ರೂ, ಕ್ಲಿಪ್ಪು ಬಿಚ್ಚಿಟ್ಟು, ಗಾಳಿಯಾಡೋ ಜಾಗದಲ್ಲಿ ಕೂತು, ಹೀಟ್ ಗನ್ನನ್ನು ಕಡಿಮೆ ಬಿಸಿಗಿಟ್ಟು ಅಂಚಿನ ಸುತ್ತ ಆಡಿಸ್ತಾನೇ ಇರಿ. ಕೈಗವಸು ಹಾಕ್ಕೊಳ್ಳಿ. ಅಂಟು ಬಿಟ್ಟಷ್ಟೇ ಬಿಡಿಸಿ. ಬಿಸಿಗೂ ಜಗ್ಗದಿದ್ದರೆ ಅದು ಬೇರೆ ಜಾತಿಯ ಅಂಟು, ಅಲ್ಲಿಗೆ ನಿಲ್ಲಿಸಿ. ಒಳಗಿನ ಕನ್ನಡಿ ಲೇಪ ಒರೆಸಬೇಡಿ, ಕಿತ್ತುಬರುತ್ತದೆ. ಒಣಗಿಸಿ, ಹೊಸ ಬ್ಯುಟೈಲ್ ಹಾಕಿ ಮುಚ್ಚಿ, ಬೆಳಕಿನ ಎತ್ತರ ಸರಿಮಾಡಿ.

"ಒಂದು ದೀಪಕ್ಕೆ ಇಷ್ಟು ರಗಳೆಯಾ?" ಅಂತೀರಾ? ದಿಂಬಂ ಘಟ್ಟದ 27 ತಿರುವುಗಳಲ್ಲಿ ಮಂಜು ಕವಿದಾಗ ದಾರಿ ತೋರಿಸೋದು ಆ ದೀಪವೇ. ದುಡ್ಡು ಉಳಿಸೋದು ಜಾಣತನ. ಅವಸರಕ್ಕೆ ದೀಪ ಕೆಡಿಸಿ ಘಟ್ಟ ಇಳಿಯೋದು ಜಾಣತನವಲ್ಲ.