ಕಬ್ಜಾದಾರನಿಗೆ ಕಾಲವೇ ಕಮಾಯಿ

ಸಾಲ ತೀರದೆ ಬ್ಯಾಂಕಿನ ಪಾಲಾದ ಮನೆಗಳ ಹರಾಜು ಪ್ರಕಟಣೆಯಲ್ಲಿ ಚಕ್ಕುಬಂದಿ, ಮೀಸಲು ಬೆಲೆ, ಮುಂಗಡ ಠೇವಣಿ ಎಲ್ಲವೂ ವಿವರವಾಗಿರುತ್ತವೆ. ಎಷ್ಟೋ ಪ್ರಕಟಣೆಗಳಲ್ಲಿ ಇನ್ನೊಂದು ಸಾಲೂ ಸೇರಿರುತ್ತದೆ: ಸ್ವತ್ತನ್ನು ‘ಇದ್ದಲ್ಲಿ ಇದ್ದಂತೆ’ ಮಾರಲಾಗುವುದು, ಬ್ಯಾಂಕಿನ ಬಳಿ ಇರುವುದು ಸಾಂಕೇತಿಕ ಸ್ವಾಧೀನ ಮಾತ್ರ. ಅಂದರೆ ಬಾಗಿಲಿಗೆ ನೋಟಿಸ್ ಅಂಟಿಸಿದ್ದಾರೆ, ಬೀಗದ ಕೈ ಸಿಕ್ಕಿಲ್ಲ, ಒಳಗೆ ಯಾರೋ ಇದ್ದಾರೆ. ಹೂಡಿಕೆಗೆಂದು ಮನೆ ಕೊಳ್ಳುವವರು ಇಂಥ ಸ್ವತ್ತಿಗೆ ಕಡಿಮೆ ಬೆಲೆ ಕೂಗುವಾಗ ಗೋಡೆಯ ಬಿರುಕಿಗಿಂತ ಹೆಚ್ಚಾಗಿ ಲೆಕ್ಕ ಹಾಕುವುದು, ಒಳಗಿರುವವರನ್ನು ಹೊರಗೆ ಕರೆತರಲು ಎಷ್ಟು ವರ್ಷ ಹಿಡಿಯಬಹುದು ಎಂಬುದನ್ನು. ಮಾರುಕಟ್ಟೆ ಹೀಗೆ ವಿಳಂಬಕ್ಕೆ ಬೆಲೆ ಕಟ್ಟಿದೆ. ಕಟ್ಟದೆ ಕೂತಿರುವುದು ಕಾನೂನು. ಹಕ್ಕಿಲ್ಲದೆ ಮನೆಯಲ್ಲಿ ಕೂತವನಿಗೆ ಮೊಕದ್ದಮೆ ಎಳೆದಷ್ಟೂ ಲಾಭ, ಎಳೆದದ್ದಕ್ಕೆ ದಂಡ ಹೆಸರಿಗೆ ಮಾತ್ರ. ಕಬ್ಜಾ ಎನ್ನುವ ದಂಧೆ ನಡೆಯುತ್ತಿರುವುದೇ ಈ ಲೆಕ್ಕಾಚಾರದ ಮೇಲೆ ಎಂಬುದು ಈ ಲೇಖನದ ವಾದ.

ಮನೆ ಕೈತಪ್ಪಿದವರ ಸಿಟ್ಟು ಮೊದಲು ತಿರುಗುವುದು ಸ್ವಾಧೀನದಲ್ಲಿರುವವನಿಗೆ ಕಾನೂನು ಕೊಟ್ಟ ರಕ್ಷಣೆಯ ಮೇಲೆ. ಆ ಸಿಟ್ಟಿನಲ್ಲಿ ಹುರುಳಿಲ್ಲ. ನೆಲೆಯೂರಿದ ಸ್ವಾಧೀನದಲ್ಲಿ ಇರುವವನನ್ನು, ಅವನಿಗೆ ಯಾವ ಹಕ್ಕೂ ಇಲ್ಲದಿದ್ದರೂ, ಕಾನೂನಿನ ದಾರಿಯಿಂದಲೇ ಹೊರಹಾಕಬೇಕು ಎಂದು ಸುಪ್ರೀಂ ಕೋರ್ಟ್ ಮತ್ತೆ ಮತ್ತೆ ಹೇಳಿದೆ. 1989 ಮತ್ತು 2003ರಲ್ಲಿ ಹಾಗೆ ಹೇಳಿದ್ದು ಕರ್ನಾಟಕದಿಂದಲೇ ಹೋದ ಪ್ರಕರಣಗಳಲ್ಲಿ. ನಿನ್ನೆ ರಾತ್ರಿ ಬೀಗ ಒಡೆದು ನುಗ್ಗಿದವನಿಗೆ ಈ ರಕ್ಷಣೆ ಸಿಗದು; ಅವನು ನೆಲೆಯೂರುವ ಮುನ್ನ ಮಾಲೀಕ ಮಿತವಾದ ಬಲ ಬಳಸಿ ಹೊರದಬ್ಬಬಹುದು ಎಂಬುದನ್ನೂ ನ್ಯಾಯಾಲಯ ಒಪ್ಪಿದೆ. ಆದರೆ ದುಬೈಯಲ್ಲೋ ನ್ಯೂಜೆರ್ಸಿಯಲ್ಲೋ ಇರುವ ಮಾಲೀಕನಿಗೆ ಸುದ್ದಿ ಮುಟ್ಟುವ ಹೊತ್ತಿಗೆ ಒಳಗಿನವನ ಹೆಸರಿನಲ್ಲಿ ಗ್ಯಾಸ್ ಸಂಪರ್ಕ, ಕರೆಂಟ್ ಬಿಲ್ಲು, ಹಳೆಯ ತಾರೀಖಿನ ಅಗ್ರಿಮೆಂಟು ಎಲ್ಲ ಸಿದ್ಧವಾಗಿರುತ್ತವೆ. ಹಾಗಿದ್ದೂ ಈ ತತ್ವವನ್ನು ಕೈಬಿಡುವುದು ಅಪಾಯ. ಬಲವಿದ್ದವನು ಬೀಗ ಒಡೆಯಬಹುದು ಎಂದಾದರೆ ಗೆಲ್ಲುವವನು ಬಹಳ ಸಲ ಮಾಲೀಕನಾಗಿರುವುದಿಲ್ಲ. ನಗರಗಳಲ್ಲಿ ‘ಸೆಟ್ಲ್‌ಮೆಂಟ್’ ಮಾಡಿಸುವವರ ಪಡೆಗಳು ಬೆಳೆದದ್ದು ನ್ಯಾಯಾಲಯ ತಡಮಾಡುತ್ತದೆ ಎಂಬ ನಂಬಿಕೆಯ ನೆರಳಲ್ಲೇ.

ತಡ ಎಲ್ಲರಿಗೂ ಒಂದೇ ಸಮನಾಗಿದ್ದರೆ ಅದನ್ನು ದೇಶದ ಹಣೆಬರಹ ಎಂದು ಬಿಡಬಹುದಿತ್ತು. ಹಾಗಿಲ್ಲ. ಸರ್ಕಾರ ತನ್ನ ಕಟ್ಟಡಗಳಲ್ಲಿ ಕೂತವರನ್ನು ಎಬ್ಬಿಸಲು 1971ರಲ್ಲಿ ಕೇಂದ್ರದ ಕಾಯ್ದೆ, 1974ರಲ್ಲಿ ರಾಜ್ಯದ ಕಾಯ್ದೆ ಮಾಡಿಕೊಂಡಿತು; ಸಿವಿಲ್ ಕೋರ್ಟಿನ ಮೆಟ್ಟಿಲು ಹತ್ತದೆ ಅಧಿಕಾರಿಯೊಬ್ಬರೇ ನೋಟಿಸ್ ಕೊಟ್ಟು, ವಿಚಾರಣೆ ಮಾಡಿ ತೆರವುಗೊಳಿಸಬಹುದು. 2011ರ ಕರ್ನಾಟಕ ಭೂಕಬಳಿಕೆ ನಿಷೇಧ ಕಾಯ್ದೆಗೆ ವಿಶೇಷ ನ್ಯಾಯಾಲಯವೂ ಇದೆ, ಆದರೆ ಅದರ ವ್ಯಾಪ್ತಿ ಸರ್ಕಾರ, ಸ್ಥಳೀಯ ಸಂಸ್ಥೆ, ವಕ್ಫ್ ಮತ್ತು ಮುಜರಾಯಿಯಂಥ ಜಮೀನುಗಳಿಗೆ ಸೀಮಿತ. ಬ್ಯಾಂಕುಗಳಿಗೆ 2002ರಲ್ಲಿ ಸರ್ಫೇಸಿ ಕಾಯ್ದೆ ಬಂತು: ಅದರ 14ನೇ ಸೆಕ್ಷನ್ ಅಡಿ ಬ್ಯಾಂಕ್ ಅರ್ಜಿ ಹಾಕಿದರೆ ಮ್ಯಾಜಿಸ್ಟ್ರೇಟರು 30 ದಿನಗಳಲ್ಲಿ, ಹೆಚ್ಚೆಂದರೆ 60 ದಿನಗಳಲ್ಲಿ, ಆದೇಶ ಕೊಡಬೇಕು. ಗಡುವು ಮೀರುವುದೂ ಉಂಟು, ಆದರೂ ಅದೊಂದು ರಾಜಮಾರ್ಗ. ಅದೇ ಬ್ಯಾಂಕಿನಿಂದ ಮನೆ ಕೊಂಡವನ ಪಾಡು ಬೇರೆ. ಬ್ಯಾಂಕ್ ಕೈತೊಳೆದುಕೊಂಡರೆ ಅವನು ಸಾಮಾನ್ಯ ಸಿವಿಲ್ ದಾವೆಯ ಸಾಲಿನಲ್ಲಿ ನಿಲ್ಲಬೇಕು. ತ್ವರಿತ ತೆರವು ಸಾಧ್ಯ ಎಂಬುದು ಶಾಸನ ಮಾಡುವವರಿಗೆ ಚೆನ್ನಾಗಿ ಗೊತ್ತಿದೆ. ಅದನ್ನು ಯಾರಿಗೆ ಕೊಡಬೇಕು ಎಂಬುದರಲ್ಲಿ ಮಾತ್ರ ಅವರು ಜಿಪುಣರು. ಖಾಸಗಿ ಪ್ರಜೆಗೆ ಇರುವ ಒಂದೇ ಒಂದು ಚುರುಕಾದ ಪರಿಹಾರವೆಂದರೆ 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಸೆಕ್ಷನ್. ಅಲ್ಲಿ ಮಾಲೀಕತ್ವ ಸಾಬೀತುಪಡಿಸಬೇಕಿಲ್ಲ, ತೀರ್ಪಿನ ಮೇಲೆ ಅಪೀಲೂ ಇಲ್ಲ. ಆದರೆ ಮನೆ ಕೈತಪ್ಪಿದ ಆರು ತಿಂಗಳೊಳಗೆ ದಾವೆ ಹಾಕಬೇಕು. ಬೀಗ ಹಾಕಿಟ್ಟ ಮನೆಯಲ್ಲಿ ಆರು ತಿಂಗಳು ಕಳೆದುಹೋಗುವುದು ಎಷ್ಟು ಸಲೀಸು ಎಂಬುದನ್ನು ಕಬ್ಜಾ ಮಾಡುವವರು ಮಾಲೀಕರಿಗಿಂತ ಚೆನ್ನಾಗಿ ಬಲ್ಲರು.

ಇನ್ನು ಕೋರ್ಟಿನ ಬಾಗಿಲಲ್ಲೇ ಇರುವ ತಾರತಮ್ಯ ನೋಡಿ. 1958ರ ಕರ್ನಾಟಕ ನ್ಯಾಯಾಲಯ ಶುಲ್ಕ ಕಾಯ್ದೆಯಂತೆ ಸ್ವಾಧೀನ ಮರಳಿ ಕೇಳುವ ದಾವೆಗೆ ಸಾಮಾನ್ಯವಾಗಿ ಶುಲ್ಕ ನಿಗದಿಯಾಗುವುದು ಸ್ವತ್ತಿನ ಮಾರುಕಟ್ಟೆ ಮೌಲ್ಯದ ಮೇಲೆ. ಕೋಟಿ ಬೆಲೆಯ ಮನೆ ಕಳೆದುಕೊಂಡವನು ಅದನ್ನು ವಾಪಸು ಕೇಳುವುದಕ್ಕೇ ಲಕ್ಷಗಳಲ್ಲಿ ಕಟ್ಟಬೇಕಾಗಬಹುದು. ಒಳಗೆ ಕೂತವನು ‘ನನ್ನನ್ನು ಎಬ್ಬಿಸದಂತೆ ತಡೆಯಾಜ್ಞೆ ಕೊಡಿ’ ಎಂದು ಬರಿಯ ನಿರ್ಬಂಧಕಾಜ್ಞೆಯ ದಾವೆ ಹಾಕಿದರೆ ಅದರ ಕನಿಷ್ಠ ಮೌಲ್ಯ ಸಾವಿರ ರೂಪಾಯಿ, ಶುಲ್ಕ ಇಪ್ಪತ್ತೈದು ರೂಪಾಯಿ. ಎಷ್ಟೋ ಪ್ರಕರಣಗಳಲ್ಲಿ ಮೊದಲು ಕೋರ್ಟಿಗೆ ಹೋಗುವವನು ಕಬ್ಜಾದಾರನೇ ಆಗಿರುವುದರಲ್ಲಿ ಆಶ್ಚರ್ಯವೇನಿದೆ? ಎದುರು ಪಕ್ಷಕ್ಕೆ ತಿಳಿಯುವ ಮೊದಲೇ ಏಕಪಕ್ಷೀಯ ಆದೇಶ ಸಿಕ್ಕಿತೆಂದರೆ ಆ ಹಾಳೆ ಪೊಲೀಸ್ ಠಾಣೆಯಲ್ಲಿ ಮಾಲೀಕತ್ವದ ಪತ್ರದಂತೆ ಚಲಾವಣೆಯಾಗುತ್ತದೆ. ‘ಇದು ಸಿವಿಲ್ ಮ್ಯಾಟರ್’ ಎಂದು ಠಾಣಾಧಿಕಾರಿ ಕೈಚೆಲ್ಲಲು ಅಷ್ಟು ಸಾಕು. ಅಕ್ರಮ ಪ್ರವೇಶ ಭಾರತೀಯ ನ್ಯಾಯ ಸಂಹಿತೆಯ 329ನೇ ಸೆಕ್ಷನ್ ಅಡಿ ಅಪರಾಧವೇ ಹೌದು. ಮನೆಯೊಳಗೆ ನುಗ್ಗಿದ್ದಕ್ಕೆ ಗರಿಷ್ಠ ಶಿಕ್ಷೆ ಒಂದು ವರ್ಷ ಸೆರೆ, ದಂಡ ಐದು ಸಾವಿರ ರೂಪಾಯಿ.

ಡಿಕ್ರಿ ಸಿಕ್ಕಿತು ಎನ್ನೋಣ. ಭಾರತದಲ್ಲಿ ಕಕ್ಷಿದಾರನ ಕಷ್ಟ ಶುರುವಾಗುವುದೇ ಡಿಕ್ರಿ ಸಿಕ್ಕ ಮೇಲೆ ಎಂದು ಲಂಡನ್ನಿನ ಪ್ರಿವಿ ಕೌನ್ಸಿಲ್ 1872ರಲ್ಲೇ ಗಮನಿಸಿತ್ತು. 2021ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ನೆನಪಿಸಿಕೊಂಡದ್ದು ಬೆಂಗಳೂರಿನ ಮೈಸೂರು ರಸ್ತೆಯ ಸ್ವತ್ತೊಂದರ ಪ್ರಕರಣದಲ್ಲಿ. ಅಲ್ಲಿ ಜಾಗ ಕೊಂಡವರಿಗೆ 2006ರಲ್ಲೇ ಡಿಕ್ರಿ ಆಗಿತ್ತು. ಆಕ್ಷೇಪದ ಮೇಲೆ ಆಕ್ಷೇಪ ಬಂದು, ಸ್ವತ್ತಿನ ಭಾಗಗಳು ಬೇರೆಯವರ ಕೈಗೆ ದಾಟಿ, ಒಂದೂವರೆ ದಶಕ ಕಳೆದರೂ ಫಲ ಕೈಗೆ ಬಂದಿರಲಿಲ್ಲ. ಡಿಕ್ರಿಯನ್ನು ಜಾರಿಗೊಳಿಸಿ ಎಂದು ಕೋರುವ ಅಮಲ್ಜಾರಿ ಅರ್ಜಿಯನ್ನು ಆರು ತಿಂಗಳಲ್ಲಿ ಮುಗಿಸಬೇಕು ಎಂದು ನ್ಯಾಯಾಲಯ ಆಗ ನಿರ್ದೇಶಿಸಿತು. ಅದೆಷ್ಟು ಜಾರಿಯಾಯಿತು ಎಂಬುದು 2025ರಲ್ಲಿ ಬಯಲಾಯಿತು: ಸುಪ್ರೀಂ ಕೋರ್ಟೇ ಹೈಕೋರ್ಟುಗಳಿಂದ ಲೆಕ್ಕ ಕೇಳಿದಾಗ ದೇಶದ ಜಿಲ್ಲಾ ನ್ಯಾಯಾಲಯಗಳಲ್ಲಿ 8.82 ಲಕ್ಷಕ್ಕೂ ಹೆಚ್ಚು ಅಮಲ್ಜಾರಿ ಅರ್ಜಿಗಳು ಬಾಕಿ ಇದ್ದವು. ಆ ಲೆಕ್ಕದಲ್ಲಿ ಕರ್ನಾಟಕದ ಅಂಕಿ ಸೇರಿರಲಿಲ್ಲ; ನಮ್ಮ ಹೈಕೋರ್ಟ್ ಮಾಹಿತಿ ಕೊಟ್ಟಿಲ್ಲವೆಂದು ಸುಪ್ರೀಂ ಕೋರ್ಟ್ ವಿವರಣೆ ಕೇಳಬೇಕಾಯಿತು. ಅಮೀನನು ಬಾಗಿಲು ತಟ್ಟುವ ದಿನ ಹೊಸಬರೊಬ್ಬರು ಹಾಜರಾಗಿ ‘ನಾನು ಈ ದಾವೆಯಲ್ಲಿ ಪಕ್ಷಗಾರನೇ ಅಲ್ಲ, ನನ್ನ ಸ್ವಾಧೀನ ಬೇರೆ’ ಎಂದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 21ನೇ ಆದೇಶದ ಪ್ರಕಾರ ಅದನ್ನೂ ಮೊಕದ್ದಮೆಯಂತೆ ವಿಚಾರಿಸಬೇಕು. ಮೈದುನ, ನಾದಿನಿ, ‘ಒಳಬಾಡಿಗೆದಾರ’ ಒಬ್ಬೊಬ್ಬರಾಗಿ ಬರುತ್ತಾರೆ.

ಇಷ್ಟೆಲ್ಲ ಮಾಡಿ ಕೊನೆಗೆ ಸೋತವನು ತೆರುವುದೆಷ್ಟು? ಸುಳ್ಳೆಂದು ತಿಳಿದೂ ಎತ್ತಿದ ವಾದಕ್ಕೆ ಪರಿಹಾರ ವಿಧಿಸುವ ಸಂಹಿತೆಯ 35ಎ ಸೆಕ್ಷನ್‌ನ ಗರಿಷ್ಠ ಮಿತಿ ಮೂರು ಸಾವಿರ ರೂಪಾಯಿ. ಈ ಮಿತಿ ನಿಗದಿಯಾದದ್ದು 1976ರ ತಿದ್ದುಪಡಿಯಲ್ಲಿ. ತಿಂಗಳಿಗೆ 40 ಸಾವಿರ ಬಾಡಿಗೆ ಬರಬಹುದಾದ ಮನೆಯಲ್ಲಿ ಒಬ್ಬ ಎಂಟು ವರ್ಷ ಕೂತ ಎಂದಿಟ್ಟುಕೊಳ್ಳಿ. ಅವನಿಗೆ ಉಳಿದದ್ದು 38 ಲಕ್ಷದ ಮೇಲೆ. ಅಕ್ರಮ ವಾಸದ ಕಾಲಕ್ಕೆ ಮಾಲೀಕನಿಗೆ ನಷ್ಟ ತುಂಬಿಕೊಡಬೇಕೆಂಬ ನಿಯಮ ಇಲ್ಲದೇ ಇಲ್ಲ. ಅಪೀಲಿನಲ್ಲಿ ತಡೆಯಾಜ್ಞೆ ಬೇಕಿದ್ದರೆ ಮಾರುಕಟ್ಟೆ ಬಾಡಿಗೆ ಕಟ್ಟು ಎಂದು ಷರತ್ತು ಹಾಕಬಹುದೆಂದು ಸುಪ್ರೀಂ ಕೋರ್ಟ್ 2004ರ ಡಿಸೆಂಬರ್‌ನಲ್ಲೇ ಹೇಳಿದೆ. ಆದರೆ ಆ ನಷ್ಟದ ವಿಚಾರಣೆ ಬಹಳ ಸಲ ಸ್ವಾಧೀನದ ತೀರ್ಪಾದ ಮೇಲೆ ಪ್ರತ್ಯೇಕವಾಗಿ ನಡೆಯುತ್ತದೆ. ಅಷ್ಟು ಹೊತ್ತಿಗೆ ಸುಸ್ತಾದ ಮಾಲೀಕ ಬೀಗದ ಕೈ ಸಿಕ್ಕಿತಲ್ಲ ಎಂದು ಸುಮ್ಮನಾಗುತ್ತಾನೆ. ಮಾಲೀಕನ ವಕೀಲರೇ ‘ಹತ್ತಿಪ್ಪತ್ತು ಲಕ್ಷ ಕೊಟ್ಟು ಎಬ್ಬಿಸಿಬಿಡಿ, ಅದೇ ಅಗ್ಗ’ ಎಂದು ಸಲಹೆ ಕೊಡುವುದು ಈ ಗಣಿತದಿಂದಲೇ, ಮತ್ತು ದುರದೃಷ್ಟವಶಾತ್ ಆ ಸಲಹೆ ಸರಿಯಾಗಿಯೇ ಇರುತ್ತದೆ.

ಹಾಗಾದರೆ ಪೊಲೀಸರಿಗೇ ಅಧಿಕಾರ ಕೊಟ್ಟುಬಿಡಿ ಎನ್ನುವವರಿದ್ದಾರೆ. ಅಮೆರಿಕದ ಫ್ಲಾರಿಡಾ ರಾಜ್ಯ 2024ರಲ್ಲಿ ಅಂಥದೇ ಕಾನೂನು ಮಾಡಿತು: ಮಾಲೀಕ ಪ್ರಮಾಣಪೂರ್ವಕ ದೂರು ಕೊಟ್ಟರೆ ಷೆರಿಫ್ ಬಂದು ಅತಿಕ್ರಮಣದಾರನನ್ನು ಹೊರಹಾಕಬಹುದು. ಒಳಗಿರುವವನು ಹಾಲಿ ಅಥವಾ ಮಾಜಿ ಬಾಡಿಗೆದಾರನಾಗಿದ್ದರೆ, ಕುಟುಂಬದವನಾಗಿದ್ದರೆ, ಇಲ್ಲವೇ ಮೊಕದ್ದಮೆ ಬಾಕಿ ಇದ್ದರೆ ಈ ದಾರಿ ಇಲ್ಲ. ನಮ್ಮಲ್ಲಿ ಇಷ್ಟು ವಿನಾಯಿತಿ ಕಳೆದರೆ ಉಳಿಯುವ ಪ್ರಕರಣಗಳು ಬೆರಳೆಣಿಕೆ. ಗುಜರಾತಿನ 2020ರ ಭೂಕಬಳಿಕೆ ಕಾಯ್ದೆ ಖಾಸಗಿ ಸ್ವತ್ತಿಗೂ ಅನ್ವಯಿಸುತ್ತದೆ. ಜಿಲ್ಲಾಧಿಕಾರಿ ನೇತೃತ್ವದ ಸಮಿತಿ ದೂರು ಪರಿಶೀಲಿಸುತ್ತದೆ, ಶಿಕ್ಷೆ 10ರಿಂದ 14 ವರ್ಷ. ಆಕರ್ಷಕವಾಗಿ ಕಾಣುತ್ತದೆ, ನಿಜ. ಆದರೆ ನಮ್ಮ ದೇಶದಲ್ಲಿ ಉಪನೋಂದಣಾಧಿಕಾರಿ ದಾಖಲಿಸುವುದು ಪತ್ರವನ್ನೇ ಹೊರತು ಮಾಲೀಕತ್ವವನ್ನಲ್ಲ. ಒಂದೇ ನಿವೇಶನಕ್ಕೆ ಎರಡು ಕ್ರಯಪತ್ರ, ಜಿಪಿಎ ಮೇಲಿನ ಮಾರಾಟ, ಬಿ ಖಾತಾ, ಸಹೋದರರ ನಡುವೆ ಮುಗಿಯದ ವಿಭಾಗ, ಇವುಗಳ ನಡುವೆ ನಿಜವಾದ ಮಾಲೀಕ ಯಾರೆಂದು ಠಾಣೆಯಲ್ಲಿ ತೀರ್ಮಾನಿಸುವವರು ಯಾರು? ಕಬ್ಜಾದಾರನೇ ನಕಲಿ ಪತ್ರ ಹಿಡಿದು ಮೊದಲ ದೂರು ಕೊಟ್ಟರೆ?

ಬೆಂಗಳೂರಿನ ಮಟ್ಟಿಗೆ ಇನ್ನೊಂದು ತೊಡಕಿದೆ, ಹರಾಜಿನಲ್ಲಿ ಕೊಳ್ಳುವವರು ಅದನ್ನು ಬೇಕೆಂದೇ ಮರೆಯುತ್ತಾರೆ. ಇಲ್ಲಿ ಸಾವಿರಾರು ಕುಟುಂಬಗಳು ಮನೆಯನ್ನು ‘ಲೀಸ್‌’ಗೆ, ಅಂದರೆ ಭೋಗ್ಯಕ್ಕೆ ಹಾಕಿಕೊಂಡಿವೆ: ಮಾಲೀಕನಿಗೆ ಒಂದೇ ಗಂಟಿನಲ್ಲಿ ಲಕ್ಷಗಟ್ಟಲೆ ಕೊಟ್ಟು, ತಿಂಗಳ ಬಾಡಿಗೆ ಇಲ್ಲದೆ ವಾಸ. ಮಾಲೀಕ ಅದೇ ಮನೆಯನ್ನು ಬ್ಯಾಂಕಿಗೆ ಅಡವಿಟ್ಟು ಕಂತು ಕಟ್ಟದೆ ಹೋದರೆ, ಒಂದು ಬೆಳಿಗ್ಗೆ ಬಾಗಿಲ ಮೇಲೆ ನೋಟಿಸ್. ಒಂದು ವರ್ಷ ಮೀರಿದ ಭೋಗ್ಯವನ್ನು ನೋಂದಾಯಿಸಿರದಿದ್ದರೆ ಸರ್ಫೇಸಿ ಎದುರು ಅದು ನಿಲ್ಲುವುದು ಕಷ್ಟ, ನೋಂದಾಯಿಸುವವರೋ ವಿರಳ. ಹರಾಜಿನಲ್ಲಿ ಕೊಂಡವನ ಕಣ್ಣಿಗೆ ಈ ಕುಟುಂಬ ಅತಿಕ್ರಮಣದಾರ. ಅವರ ಮಟ್ಟಿಗೆ ಜೀವಮಾನದ ಉಳಿತಾಯವೇ ಆ ಗೋಡೆಗಳಲ್ಲಿದೆ. ಬೀಗ ಒಡೆದು ನುಗ್ಗಿದವನನ್ನೂ ಮೋಸಹೋದ ಈ ಕುಟುಂಬವನ್ನೂ ಒಂದೇ ಜೀಪಿನಲ್ಲಿ ಸಾಗಿಸುವ ಕಾನೂನು ನಮಗೆ ಬೇಡ. ಬೇಕಿರುವುದು ಇಬ್ಬರನ್ನೂ ಕೇಳಿ, ವರ್ಷಗಳ ಬದಲು ವಾರಗಳಲ್ಲಿ ವ್ಯತ್ಯಾಸ ಗುರುತಿಸಬಲ್ಲ ನ್ಯಾಯಾಲಯ. ಮೋಸಹೋದವರಿಗೂ ತಡದಿಂದ ಲಾಭವಿಲ್ಲ. ಅವರ ಹಣ ವಾಪಸು ಬರಬೇಕಾದದ್ದು ಹಳೆಯ ಮಾಲೀಕನಿಂದ, ಆತ ಕಣ್ಮರೆಯಾಗುವ ಮುನ್ನ.

ಹೂಡಿಕೆದಾರನ ಪರವಾಗಿ ಇಷ್ಟೊಂದು ಕಾಳಜಿ ಏಕೆ, ಖಾಲಿ ಬಿಟ್ಟ ಮನೆಯಲ್ಲಿ ಸೂರಿಲ್ಲದವನು ಇದ್ದರೆ ಏನು ಗಂಟು ಹೋಯಿತು ಎಂಬ ಆಕ್ಷೇಪ ಕರ್ನಾಟಕದಲ್ಲಿ ಹಗುರವಾದದ್ದಲ್ಲ. ಉಳುವವನೇ ಹೊಲದೊಡೆಯ ಎಂದು 1974ರಲ್ಲಿ ಸಾರಿದ ನಾಡು ಇದು. ದೂರ ಕೂತ ಒಡೆಯನಿಗಿಂತ ನೆಲದ ಮೇಲಿರುವವನ ಹಕ್ಕು ದೊಡ್ಡದು ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಆದರೆ ಆ ಸುಧಾರಣೆಯನ್ನು ಮಾಡಿದ್ದು ಶಾಸನಸಭೆ. ಅದಕ್ಕೆ ಅರ್ಜಿ ನಮೂನೆ, ನ್ಯಾಯಮಂಡಳಿ, ಪರಿಹಾರ ಎಲ್ಲ ಇತ್ತು, ಫಲ ಸಿಕ್ಕಿದ್ದು ಗೇಣಿದಾರನಿಗೆ. ನಗರದಲ್ಲಿ ಸಜ್ಜಾದ ಮನೆಯನ್ನು ನಕಲಿ ಅಗ್ರಿಮೆಂಟ್ ಬಲದಿಂದ ಹಿಡಿದು ಕೂರುವವನು ಸಾಮಾನ್ಯವಾಗಿ ಬಡವನಲ್ಲ; ಎಂಟು ವರ್ಷ ವಕೀಲರಿಟ್ಟು ಕಾದಾಡುವ ಶಕ್ತಿ ಸೂರಿಲ್ಲದವನಿಗೆ ಎಲ್ಲಿಂದ ಬರಬೇಕು? ಮನೆ ಖಾಲಿಯೇ ಇರಲಿ, ಬಾಡಿಗೆಗೆ ಕೊಡುವುದು ಬೇಡ ಎಂದು ಮಾಲೀಕರು ಬೀಗ ಜಡಿಯುವುದರ ಹಿಂದೆ ಇರುವುದೂ ಇದೇ ಭಯ, ಅದರ ಹೊರೆ ಬೀಳುವುದು ಬಾಡಿಗೆ ಮನೆ ಹುಡುಕುವವರ ಮೇಲೆ.

ಹನ್ನೆರಡು ವರ್ಷ ಎಚ್ಚರಗೊಳ್ಳದ ಮಾಲೀಕ ಹಕ್ಕು ಕಳೆದುಕೊಳ್ಳುವ ಪ್ರತಿಕೂಲ ಸ್ವಾಧೀನದ ನಿಯಮವನ್ನೇ ರದ್ದುಮಾಡಿ ಎನ್ನುವುದು ಮತ್ತೊಂದು ಬೇಡಿಕೆ. 2008ರಲ್ಲಿ ಸುಪ್ರೀಂ ಕೋರ್ಟ್ ಈ ನಿಯಮ ಅಸಂಗತವೆಂದು ಟೀಕಿಸಿತ್ತು. 2011ರ ಪ್ರಕರಣವೊಂದರಲ್ಲಂತೂ ಖಾಸಗಿ ಜಾಗದ ಮೇಲೆ ಅಂಥ ಹಕ್ಕು ಕೇಳಿ ಬಂದದ್ದು ಹರಿಯಾಣ ಸರ್ಕಾರ, ಅದೂ ತನ್ನ ಪೊಲೀಸ್ ಇಲಾಖೆಯ ಪರವಾಗಿ! ಆದರೂ ಕರ್ನಾಟಕ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದ ಋತುರಾಜ್ ಅವಸ್ಥಿ ನೇತೃತ್ವದ ಕಾನೂನು ಆಯೋಗ 2023ರ ತನ್ನ 280ನೇ ವರದಿಯಲ್ಲಿ ಬದಲಾವಣೆ ಬೇಡ ಎಂದಿತು. ಹೂಡಿಕೆದಾರರ ನಿತ್ಯದ ಗೋಳಿಗೆ ಈ ಚರ್ಚೆಯಿಂದ ಪರಿಹಾರವಿಲ್ಲ. ಬಹುಪಾಲು ಕಬ್ಜಾದಾರರಿಗೆ ಹನ್ನೆರಡು ವರ್ಷದ ಹಕ್ಕು ಬೇಕಾಗಿಯೇ ಇಲ್ಲ, ಒಳ್ಳೆಯ ಮೊತ್ತದ ಸೆಟ್ಲ್‌ಮೆಂಟ್ ಬಂದರೆ ಸಾಕು.

ಆದ್ದರಿಂದ ಕೈ ಹಾಕಬೇಕಾದದ್ದು ಆ ಮೊತ್ತಕ್ಕೆ. ಬಾಂಬೆ ಹೈಕೋರ್ಟ್ ತನ್ನ ವ್ಯಾಪ್ತಿಯ ಸಿವಿಲ್ ನಿಯಮಗಳಿಗೆ 15ಎ ಆದೇಶ ಸೇರಿಸಿ, ತೆರವು ದಾವೆಯಲ್ಲಿ ಬಾಡಿಗೆದಾರ ಕೋರ್ಟು ಹೇಳಿದ ಹಣ ಠೇವಣಿ ಇಡದಿದ್ದರೆ ಅವನ ಪ್ರತಿವಾದವನ್ನೇ ತೆಗೆದುಹಾಕಲು ಅವಕಾಶ ಮಾಡಿಕೊಂಡಿದೆ. ಸಂಹಿತೆಯ 122ನೇ ಸೆಕ್ಷನ್ ಅಡಿ ಇಂಥ ನಿಯಮ ಮಾಡುವ ಅಧಿಕಾರ ಕರ್ನಾಟಕ ಹೈಕೋರ್ಟಿಗೂ ಇದೆ. ಮಾಲೀಕ ಮೇಲ್ನೋಟಕ್ಕೆ ಬಲವಾದ ದಾಖಲೆ ತೋರಿಸಿದ ದಿನದಿಂದ ಒಳಗಿರುವವನು ಯಾರೇ ಆಗಿರಲಿ ಮಾರುಕಟ್ಟೆ ಬಾಡಿಗೆಯನ್ನು ಕೋರ್ಟಿನಲ್ಲಿ ಕಟ್ಟುತ್ತಾ ಹೋಗಲಿ, ಗೆದ್ದರೆ ವಾಪಸು ಪಡೆಯಲಿ. ಬಡವನಾದರೆ, ಮೋಸಹೋದ ಭೋಗ್ಯದಾರನಾದರೆ ಕಾರಣ ಬರೆದು ರಿಯಾಯಿತಿ ಕೊಡಲು ನ್ಯಾಯಾಧೀಶರಿಗೆ ವಿವೇಚನೆ ಇರಲಿ. ನ್ಯಾಯಾಧೀಶರ ಕೊರತೆ ನೀಗುವ ತನಕ ಏನೂ ಆಗದು ಎನ್ನುವವರಿಗೂ ಇಲ್ಲೊಂದು ಉತ್ತರವಿದೆ: ವಾಯಿದೆಗೆ ತಿಂಗಳ ಬಾಡಿಗೆ ತೆರಬೇಕಾದಾಗ ವಾಯಿದೆ ಕೇಳುವವರ ಸಂಖ್ಯೆ ತಾನಾಗಿ ಇಳಿಯುತ್ತದೆ. ಮೂರು ಸಾವಿರದ ಮಿತಿಯನ್ನು ಒಂದು ಲಕ್ಷಕ್ಕಾದರೂ ಏರಿಸಿ ಎಂದು ಸುಪ್ರೀಂ ಕೋರ್ಟ್ 2011ರಲ್ಲಿ ಸೂಚಿಸಿತ್ತು. 2015ರ ವಾಣಿಜ್ಯ ನ್ಯಾಯಾಲಯಗಳ ಕಾಯ್ದೆ ವಾಣಿಜ್ಯ ವ್ಯಾಜ್ಯಗಳಿಗೆ ಆ ಮಿತಿಯನ್ನೇ ತೆಗೆದುಹಾಕಿತು, ಮನೆಯ ವ್ಯಾಜ್ಯಗಳಿಗೆ ಮಾತ್ರ ಅದು ಹಾಗೇ ಉಳಿಯಿತು. ಸಿವಿಲ್ ಪ್ರಕ್ರಿಯೆ ಸಮವರ್ತಿ ಪಟ್ಟಿಯ ವಿಷಯ. ಸಣ್ಣ ರೈತರ ಮೊಕದ್ದಮೆಗಳು ಬೇಗ ಮುಗಿಯಲೆಂದು ಕರ್ನಾಟಕ ವಿಧಾನಮಂಡಲ 2023ರಲ್ಲಿ ಇದೇ ಸಂಹಿತೆಗೆ ತಿದ್ದುಪಡಿ ಮಸೂದೆ ಅಂಗೀಕರಿಸಿದ್ದೂ ಇದೆ. 35ಎ ಸೆಕ್ಷನ್‌ನ ಎರಡನೇ ಉಪಸೆಕ್ಷನ್ ಅನ್ನು, ಅಂದರೆ ಆ ಮೂರು ಸಾವಿರದ ಮಿತಿಯನ್ನು, ಕೈಬಿಡುವ ಇನ್ನೊಂದು ಮಸೂದೆಗೆ ಖಜಾನೆಯಿಂದ ಒಂದು ಪೈಸೆಯೂ ಬೇಕಿಲ್ಲ, ರಾಷ್ಟ್ರಪತಿಯವರ ಒಪ್ಪಿಗೆ ಸಾಕು.