ಒದ್ದೆ ಕಾರ್ಪೆಟ್ ಮತ್ತು ನ್ಯಾಯವಾದ ಕೂಲಿ

ವಾರಾಹಿ ನದಿಯ ದಂಡೆಯ ಹಟ್ಟಿಯಂಗಡಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಂದು ಬೈರಾಸು ಒಣಗುವುದೂ ಕಷ್ಟ. ಅಂಥಲ್ಲಿ 9 ಅಡಿ ಅಗಲ, 12 ಅಡಿ ಉದ್ದದ ಕಾರ್ಪೆಟನ್ನು ತೊಳೆದು, ಒಣಗಿಸಿ, ಮನೆಗೆ ತಲುಪಿಸುವ ಸ್ವಂತ ದುಡಿಮೆಗಾರನು ಎಷ್ಟು ಕೂಲಿ ಕೇಳಬೇಕು? ಗಲ್ಫ್‌ನಿಂದ ಮರಳಿ ಇಂಥ ಕೆಲಸಕ್ಕಿಳಿಯುವ ನಮ್ಮ ಸಹೋದರರಿಗೆ ಇದು ಹಲಾಲ್ ಸಂಪಾದನೆಯ ಪ್ರಶ್ನೆ.

ಮದೀನಾದಲ್ಲಿ ಬೆಲೆಯೇರಿದಾಗ ಜನರು ಕೋರಿಕೊಂಡರೂ ಪ್ರವಾದಿ(ಸ) ದರ ನಿಗದಿಪಡಿಸಲಿಲ್ಲ. ಇದನ್ನು ಬಾಯಿಗೆ ಬಂದ ದರ ಹೇಳುವ ಪರವಾನಗಿಯೆಂದು ಕೆಲವರು ಭಾವಿಸಿದ್ದಾರೆ. ಆದರೆ ಪೇಟೆಯ ದರ ತಿಳಿಯದೆ ಸರಕು ತರುವವರನ್ನು ದಾರಿಯಲ್ಲೇ ತಡೆದು ಖರೀದಿಸುವುದನ್ನು ನಿಷೇಧಿಸಿದವರೂ ಅವರೇ. ಎದುರಿನವನ ಅರಿವುಗೇಡು ನಮ್ಮ ಲಾಭದ ಮೂಲವಾಗಕೂಡದು. ಗೇಟಿನ ಎತ್ತರ ನೋಡಿ ದರ ಹೇಳುವುದು, ಫೋನಿನಲ್ಲಿ ಕಡಿಮೆ ಹೇಳಿ ಕಾರ್ಪೆಟ್ ಒದ್ದೆಯಾದ ಮೇಲೆ 'ಕಲೆಗೆ ಬೇರೆ ದುಡ್ಡು' ಎನ್ನುವುದು ಇದಕ್ಕಿಂತ ಭಿನ್ನವೇನಲ್ಲ.

ನಮ್ಮ ಅಭಿಪ್ರಾಯದಲ್ಲಿ ಅಳತೆಯ ಮೇಲಿನ ದರವೇ ಉತ್ತಮ. ಚದರಡಿಗೆ 15 ರೂಪಾಯಿ ಎಂದಿಟ್ಟುಕೊಂಡರೆ ಮೇಲಿನ ಕಾರ್ಪೆಟಿನ 108 ಚದರಡಿಗೆ 1,620 ರೂಪಾಯಿ. ಶ್ಯಾಂಪೂ, ವಿದ್ಯುತ್, ಸಹಾಯಕನ ಸಂಬಳ, ರಿಕ್ಷಾ ಬಾಡಿಗೆ, ಯಂತ್ರದ ಸವಕಳಿ ಎಲ್ಲವೂ ಅದರೊಳಗಿಂದಲೇ ಹೋಗಬೇಕು. ಮಳೆಗಾಲದಲ್ಲಿ ಫ್ಯಾನ್ ಹಾಕಿ ದಿನಗಟ್ಟಲೆ ಒಣಗಿಸುವ ಖರ್ಚನ್ನು ಮೊದಲೇ ತಿಳಿಸಿ ಪಡೆಯುವುದರಲ್ಲಿ ತಪ್ಪಿಲ್ಲ. ತಪ್ಪಿರುವುದು, ಆ ಖರ್ಚು ಉಳಿಸಲು ಮೇಲ್ಮೈ ಮಾತ್ರ ಒಣಗಿಸಿ ಸುತ್ತಿ ಕೊಡುವುದರಲ್ಲಿ. ಎರಡು ದಿನ ಕಳೆದರೆ ಮುಗ್ಗಲು ವಾಸನೆ ಹೊಡೆಯುತ್ತದೆ, ಅಷ್ಟರಲ್ಲಿ ಹಣ ಕೈಸೇರಿರುತ್ತದೆ. ಪೇಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈ ಹಾಕಿದ ಪ್ರವಾದಿ(ಸ)ರ ಬೆರಳುಗಳಿಗೆ ತೇವ ತಗಲಿತು. ಮಳೆಗೆ ನೆನೆಯಿತೆಂದು ವ್ಯಾಪಾರಿ ಹೇಳಿದಾಗ, ಹಾಗಾದರೆ ಜನರಿಗೆ ಕಾಣುವಂತೆ ಅದನ್ನು ಮೇಲೇಕೆ ಇಡಲಿಲ್ಲವೆಂದು ಕೇಳಿ, ವಂಚಿಸುವವನು ನಮ್ಮವನಲ್ಲವೆಂದರು. ಮಳೆಯ ಬಗ್ಗೆ ಆಕ್ಷೇಪವಿರಲಿಲ್ಲ, ಮುಚ್ಚಿಟ್ಟದ್ದಕ್ಕೆ ಇತ್ತು.

ಗಿರಾಕಿಗಳಾದ ನಮಗೂ ಹೇಳಬೇಕಾದದ್ದಿದೆ. ತಾವು ಪಡೆಯುವಾಗ ಪೂರ್ಣವಾಗಿ ಅಳೆದು, ಕೊಡುವಾಗ ಕಡಿತಗೊಳಿಸುವವರನ್ನು ಪವಿತ್ರ ಕುರ್‌ಆನಿನ 83ನೇ ಅಧ್ಯಾಯ ಅಲ್ ಮುತಫ್ಫಿಫೀನ್ ಎಚ್ಚರಿಸುತ್ತದೆ. ರಮಝಾನಿಗೆ ಮುನ್ನ ಮಸೀದಿಯ ಕಾರ್ಪೆಟ್ ತೊಳೆಸಿ, 'ಸವಾಬಿನ ಕೆಲಸವಲ್ಲವೇ' ಎಂದು ಅರ್ಧ ಕೂಲಿ ಕೊಡುವುದೂ ಕಡಿತವೇ. ಸದಕಾ ಕೊಡುವುದು ದುಡಿದವನ ಇಷ್ಟ, ಅವನ ಪರವಾಗಿ ಅದನ್ನು ನಿರ್ಧರಿಸುವ ಹಕ್ಕು ಯಾವ ಕಮಿಟಿಗೂ ಇಲ್ಲ. ಕಾರ್ಪೆಟ್ ಹಾಸಿದ ದಿನವೇ ಅವನ ಪೂರ್ಣ ಕೂಲಿಯನ್ನು ಎಣಿಸಿ ಕೊಡಲಿ. ಅದರಲ್ಲಿ ಎಷ್ಟನ್ನು ಮಸೀದಿಯ ಡಬ್ಬಿಗೆ ಹಾಕಬೇಕೆಂಬುದನ್ನು ಅವನೇ ನೋಡಿಕೊಳ್ಳುತ್ತಾನೆ.