ಹಾಡಿಯ ಕೂಸು ಮತ್ತು ಸಕ್ಕರೆ ಕಾಯಿಲೆ

ಸಕ್ಕರೆ ಕಾಯಿಲೆ ಎಂದೊಡನೆ ನಮ್ಮ ಕಣ್ಮುಂದೆ ನಿಲ್ಲುವವನು ಪಟ್ಟಣದ ಸ್ಥಿತಿವಂತ, ನಡುವಯಸ್ಸಿನ ಗೃಹಸ್ಥ. ಅರೆಹೊಟ್ಟೆಯಲ್ಲಿ ಮಲಗುವ ಆದಿವಾಸಿಗೂ ಈ ಕಾಯಿಲೆಗೂ ಏನು ಸಂಬಂಧವೆಂದು ಕೇಳುವವರು ವಿದ್ಯಾವಂತರಲ್ಲಿಯೂ ಇದ್ದಾರೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ದೇಶದಲ್ಲಿ 10 ಕೋಟಿಗೂ ಹೆಚ್ಚು ಮಂದಿ ಮಧುಮೇಹಿಗಳಿದ್ದಾರೆ. ಅದರ ಹೊಸ್ತಿಲಲ್ಲಿ ನಿಂತವರು 13 ಕೋಟಿಗೂ ಅಧಿಕ. ಇಷ್ಟು ದೊಡ್ಡ ಸಂಖ್ಯೆ ಪಟ್ಟಣದ ಗೃಹಸ್ಥರಿಂದಷ್ಟೇ ತುಂಬುವಂಥದ್ದಲ್ಲ.

ನಮ್ಮ ಜಿಲ್ಲೆಯ ಬೇಲೂರು ತಾಲ್ಲೂಕಿನ ಅಂಗಡಿಹಳ್ಳಿಯಲ್ಲಿ ಹಕ್ಕಿಪಿಕ್ಕಿ ಜನಾಂಗದವರ ನೆಲೆ ಇದೆ. ಅರಕಲಗೂಡಿನ ಗಡಿ ದಾಟಿ ಪಿರಿಯಾಪಟ್ಟಣ, ಹುಣಸೂರುಗಳತ್ತ ಸಾಗಿದರೆ ನಾಗರಹೊಳೆಯ ಕಾಡಿನಿಂದ ಹೊರಬಂದ ಜೇನುಕುರುಬರ ಹಾಡಿಗಳು ಎದುರಾಗುತ್ತವೆ. ಹಕ್ಕಿ, ಮೊಲ ಹಿಡಿದು, ಗೆಡ್ಡೆ ಅಗೆದು, ಜೇನು ಬಿಡಿಸಿ, ದಿನವಿಡೀ ನಡೆದು ಬದುಕುತ್ತಿದ್ದ ಜನರಿವರು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬೇಟೆಯನ್ನು ನಿಲ್ಲಿಸಿತು. ಆ ಕಾಯಿದೆ ಬೇಡವಾಗಿತ್ತೆಂದು ನಾವು ಹೇಳುತ್ತಿಲ್ಲ. ಆದರೆ ಒಂದು ಜನಾಂಗದ ತಟ್ಟೆಯಿಂದ ಮಾಂಸ, ಗೆಡ್ಡೆ, ಸೊಪ್ಪು, ಜೇನು ಒಟ್ಟಿಗೆ ಸರಿದುಹೋದಾಗ ಆ ಜಾಗಕ್ಕೆ ಬಂದದ್ದೇನು? ನ್ಯಾಯಬೆಲೆ ಅಂಗಡಿಯ ಅಕ್ಕಿ, ಸಕ್ಕರೆ ತುಂಬಿದ ಚಹಾ, ಪೆಟ್ಟಿಗೆ ಅಂಗಡಿಯ ಬಿಸ್ಕತ್ತು. ಹೊಟ್ಟೆ ತುಂಬಿತು, ಮೈ ತುಂಬಲಿಲ್ಲ.

ಆಸ್ಟ್ರೇಲಿಯದ ಒಂದು ಪ್ರಯೋಗವನ್ನು ಇಲ್ಲಿ ನೆನೆಯುವುದು ಉಚಿತ. 1982ರಲ್ಲಿ ಕೆರಿನ್ ಓಡೀ ಎಂಬ ವಿಜ್ಞಾನಿ ಅಲ್ಲಿಯ ಪಶ್ಚಿಮ ಭಾಗದ ಡರ್ಬಿ ಪಟ್ಟಣದ ಬಳಿಯ ಹತ್ತು ಮಂದಿ ಮಧುಮೇಹಿ ಮೂಲನಿವಾಸಿಗಳೊಡನೆ ಏಳು ವಾರ ಕಾಡುಮೇಡಿನಲ್ಲಿ ಕಳೆದರು. ಅವರು ಬೇಟೆಯಾಡಿ, ಮೀನು ಹಿಡಿದು, ಗೆಡ್ಡೆ ಅಗೆದು ಹಿರಿಯರಂತೆ ಉಂಡರು. ಏಳು ವಾರಗಳ ಕೊನೆಗೆ ತಲಾ ಸುಮಾರು 8 ಕಿಲೋ ತೂಕ ಇಳಿದಿತ್ತು. ಬರಿಹೊಟ್ಟೆಯ ರಕ್ತದಲ್ಲಿನ ಸಕ್ಕರೆ ಹೆಚ್ಚುಕಡಿಮೆ ಅರ್ಧಕ್ಕೆ ಬಂದಿತ್ತು. ಇದನ್ನು ಓದಿ, ಆದಿವಾಸಿಗಳು ಕಾಡಿಗೆ ಹಿಂದಿರುಗಲಿ ಎಂದು ತೀರ್ಪು ನೀಡುವುದು ಸುಲಭ. ಹಿಂದಿರುಗಲು ಕಾಡಿನ ಬಾಗಿಲು ತೆರೆದಿಲ್ಲವೆಂಬುದು ಮಾತ್ರ ನಮಗೆ ಮರೆತುಹೋಗುತ್ತದೆ. ಹೇಮಾವತಿಯ ಹಿನ್ನೀರಿನಲ್ಲಿ ಮುಳುಗೇಳುವ ಶೆಟ್ಟಿಹಳ್ಳಿಯ ಇಗರ್ಜಿಯನ್ನು ಬಲ್ಲ ನಮಗೆ, ಊರು ಬಿಟ್ಟು ಬಂದವರು ಹಳೆಯ ಊರಿಗೆ ಮರಳಲಾರರೆಂಬುದನ್ನು ಯಾರೂ ವಿವರಿಸಬೇಕಾಗಿಲ್ಲ.

ಇನ್ನು ಮಕ್ಕಳ ವಿಷಯ. ಹಸಿವೆಯೂ ಸಕ್ಕರೆ ಕಾಯಿಲೆಯೂ ಎರಡು ಬೇರೆ ಬೇರೆ ಸಂಕಟಗಳೆಂದು ಬಹುಕಾಲ ನಂಬಲಾಗಿತ್ತು. ಈ ನಂಬಿಕೆಯನ್ನು ಅಲುಗಾಡಿಸಿದ ಅಧ್ಯಯನಗಳಲ್ಲಿ ಒಂದು ನಮ್ಮ ನೆರೆಯ ಮೈಸೂರಿನಲ್ಲಿಯೇ ನಡೆಯಿತೆಂಬುದು ಹೆಮ್ಮೆಯ ಸಂಗತಿ. ಅಲ್ಲಿಯ ಹೋಲ್ಡ್ಸ್‌ವರ್ತ್ ಸ್ಮಾರಕ ಮಿಷನ್ ಆಸ್ಪತ್ರೆಯ ದಾದಿಯರು 1930ರ ದಶಕದಿಂದಲೇ ಪ್ರತಿ ಶಿಶುವಿನ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ತಪ್ಪದೆ ಬರೆದಿಟ್ಟಿದ್ದರು. ದಶಕಗಳ ನಂತರ ಸಂಶೋಧಕರು ಆ ಶಿಶುಗಳನ್ನು ನಡುವಯಸ್ಸಿನವರಾಗಿ ಹುಡುಕಿ ತಪಾಸಣೆ ಮಾಡಿದರು. ಯುರೋಪಿನಲ್ಲಿ ಕಡಿಮೆ ತೂಕದಿಂದ ಹುಟ್ಟಿದವರಲ್ಲಿ ಮಧುಮೇಹ ಹೆಚ್ಚೆಂದು ತಿಳಿದುಬಂದಿದ್ದರೆ, ಮೈಸೂರಿನಲ್ಲಿ ಉದ್ದ ಕಡಿಮೆಯಿದ್ದು ದುಂಡಗೆ ಹುಟ್ಟಿದವರಲ್ಲಿ, ತಾಯಿಯ ತೂಕ ಹೆಚ್ಚಿದ್ದವರಲ್ಲಿ ಅದು ಅಧಿಕವಾಗಿ ಕಂಡಿತು. 1998ರಲ್ಲಿ ಪ್ರಕಟವಾದ ಈ ವರದಿ, ಗರ್ಭಿಣಿಯ ರಕ್ತದಲ್ಲಿನ ಸಕ್ಕರೆಯತ್ತ ಬೆರಳು ತೋರಿತು. ಪುಣೆಯ ಡಾ. ಯಾಜ್ಞಿಕ್ ಅವರ ತಂಡವು ಭಾರತದ ಶಿಶು ತೂಕದಲ್ಲಿ ಕಡಿಮೆಯಿದ್ದರೂ ಮೈಯಲ್ಲಿ ಕೊಬ್ಬನ್ನು ಉಳಿಸಿಕೊಂಡು ಹುಟ್ಟುತ್ತದೆಂದು ತೋರಿಸಿದೆ. ಬಸಿರಿನಲ್ಲಿ ಬಡವಾಗಿ, ಬಾಲ್ಯದಲ್ಲಿ ಅನ್ನ, ಸಕ್ಕರೆಗಳಿಂದಲೇ ಬೆಳೆದ ಕೂಸು ಮೂವತ್ತು, ನಲವತ್ತರ ಹರೆಯದಲ್ಲಿ ಕಾಯಿಲೆಗೆ ಸುಲಭದ ತುತ್ತಾಗುತ್ತದೆ. ಆದುದರಿಂದ ಮಧುಮೇಹ ತಡೆಯುವ ಕೆಲಸ ಆರಂಭವಾಗಬೇಕಾದದ್ದು ಬಸುರಿಯ ತಟ್ಟೆಯಿಂದ, ಅಂಗನವಾಡಿಯ ಅಂಗಳದಿಂದ.

ಸರ್ಕಾರ ಏನೂ ಮಾಡಿಲ್ಲವೆನ್ನುವುದು ಅನ್ಯಾಯವಾದೀತು. 1975ರಲ್ಲಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾದಾಗ ಮೊದಲ 33 ವಿಭಾಗಗಳಲ್ಲಿ ನಮ್ಮ ಟಿ. ನರಸೀಪುರವೂ ಒಂದಾಗಿತ್ತು. 2013ರ ಕ್ಷೀರಭಾಗ್ಯ, 2017ರ ಮಾತೃಪೂರ್ಣ ಯೋಜನೆಗಳೂ, ಕಾಡಂಚಿನ ಜೇನುಕುರುಬ, ಸೋಲಿಗ, ಕೊರಗ ಮುಂತಾದ ಕುಟುಂಬಗಳಿಗೆ ನೀಡುವ ಮೊಟ್ಟೆ, ಕಾಳು, ಬೇಳೆ, ತುಪ್ಪದ ಪೌಷ್ಟಿಕ ಆಹಾರವೂ ಸ್ತುತ್ಯರ್ಹ. ಕೊರತೆ ಇರುವುದು ಬೇರೆಡೆ. ಎಣ್ಣೆ, ಗಿಡಮೂಲಿಕೆ ಮಾರುತ್ತ ತಿಂಗಳುಗಟ್ಟಲೆ ಊರೂರು ತಿರುಗುವ ಹಕ್ಕಿಪಿಕ್ಕಿ ತಾಯಿಗೆ ತನ್ನ ಹೆಸರಿರುವ ಅಂಗನವಾಡಿಯ ಬಿಸಿಯೂಟದಿಂದ ಏನು ಪ್ರಯೋಜನ? ಪೋಷಣ್ ಟ್ರ್ಯಾಕರ್ ವ್ಯವಸ್ಥೆಯಲ್ಲಿ ಆಕೆಯ ಹೆಸರನ್ನು ಬೇರೊಂದು ಅಂಗನವಾಡಿಗೆ ವರ್ಗಾಯಿಸಲು ಅವಕಾಶವಿದೆ. ಅದನ್ನು ಆಕೆಗೆ ತಿಳಿಸುವವರು ಬೇಕು.

ತಿಳಿಸುವ ಬಗೆಯೂ ಮುಖ್ಯ. ನಾವು ಕಂಡ ಭಿತ್ತಿಪತ್ರಗಳಲ್ಲಿ ಸೇಬು, ದ್ರಾಕ್ಷಿ, ಗಾಜಿನ ಲೋಟದ ಹಾಲು ರಾರಾಜಿಸುತ್ತವೆ. ಹಕ್ಕಿಪಿಕ್ಕಿಯವರ ಮನೆಮಾತು ವಾಗ್ರಿಬೂಲಿ. ಜೇನುಕುರುಬರ ನುಡಿಯೂ ಪುಸ್ತಕದ ಕನ್ನಡವಲ್ಲ. ಓದಲಾರದ ಅಜ್ಜಿಗೆ, ಆಕೆ ಎಂದೂ ಕೊಳ್ಳದ ಹಣ್ಣಿನ ಚಿತ್ರ ತೋರಿಸಿ ಫಲವಿಲ್ಲ. ಹೊನಗೊನ್ನೆ, ಗಣಿಕೆ, ನುಗ್ಗೆ ಸೊಪ್ಪು, ಹುರುಳಿ, ಅವರೆ, ಕೆರೆಯ ಮೀನು, ಮೊಟ್ಟೆ, ರಾಗಿ ಇವೇ ಆ ಚಿತ್ರದಲ್ಲಿರಲಿ. ಮಾತು ಅವರದೇ ಹೆಣ್ಣುಮಗಳೊಬ್ಬಳ ಬಾಯಿಂದ ಬರಲಿ. ರಾಗಿಯ ಬಗ್ಗೆಯೂ ಒಂದು ಎಚ್ಚರಿಕೆ: ಅದರ ಸುಣ್ಣದಂಶಕ್ಕೆ ಸಾಟಿಯಾದ ಧಾನ್ಯವಿಲ್ಲ ನಿಜ, ಆದರೆ ರಾಗಿ ಸಕ್ಕರೆ ಕಾಯಿಲೆಯ ಔಷಧವಲ್ಲ. ಸಕ್ಕರೆ ಸುರಿದ ರಾಗಿ ಮಾಲ್ಟ್ ಮಗುವಿಗೆ ಸಕ್ಕರೆಯ ರುಚಿಯನ್ನೇ ಕಲಿಸುತ್ತದೆ. ಮೊದಲ ಆರು ತಿಂಗಳು ಎದೆಹಾಲೊಂದೇ ಸಾಕು. ಅದು ಮುಂದೆ ತಾಯಿಗೂ ಮಧುಮೇಹದ ಅಪಾಯವನ್ನು ತಗ್ಗಿಸುತ್ತದೆ.

ಕೆನಡದ ಕಾನಾವಾಕೆ ಎಂಬ ಮೊಹಾಕ್ ಜನರ ಊರು ಕಥೋಲಿಕರಿಗೆ ಅಪರಿಚಿತವಲ್ಲ; 2012ರಲ್ಲಿ ಸಂತ ಪದವಿ ಪಡೆದ ಕಟೇರಿ ಟೆಕಾಕ್ವಿತಾ ಅವರ ಸಮಾಧಿ ಇರುವುದು ಅಲ್ಲಿಯೇ. ಆ ಊರಿನವರು 1994ರಲ್ಲಿ ತಮ್ಮ ಶಾಲೆಗಳಲ್ಲಿ ಮಧುಮೇಹ ತಡೆಯುವ ಯೋಜನೆಯೊಂದನ್ನು ಹಮ್ಮಿಕೊಂಡರು. ಏನು ಕಲಿಸಬೇಕು, ಮಕ್ಕಳ ಬುತ್ತಿಯಲ್ಲಿ ಏನಿರಬೇಕು ಎಂಬುದರಲ್ಲಿ ಊರಿನವರ ಮಾತೇ ನಡೆಯಿತು. ಹೊರಗಿನ ವೈದ್ಯರು ನೆರವಾದರು, ಯಜಮಾನಿಕೆ ಮಾಡಲಿಲ್ಲ.

ನಮ್ಮ ರೂಢಿ ಇದಕ್ಕೆ ವಿರುದ್ಧ. ಕ್ರಿಸ್ತಜಯಂತಿಯ ಸಂದರ್ಭದಲ್ಲಿ ಹಾಡಿ, ಕಾಲೋನಿಗಳಿಗೆ ತೆರಳುವ ನಮ್ಮ ಯುವಜನರು ಹಂಚಿ ಬರುವುದು ಬಿಸ್ಕತ್ತು, ಕೇಕು, ಬಣ್ಣದ ಮಿಠಾಯಿ. ಛಾಯಾಚಿತ್ರ ಚೆನ್ನಾಗಿ ಮೂಡುತ್ತದೆ. ಅದೇ ಹಣದಲ್ಲಿ ಮೊಟ್ಟೆ, ಬಾಳೆಹಣ್ಣು, ಹೆಸರುಕಾಳು, ತರಕಾರಿ ಬೀಜದ ಪೊಟ್ಟಣ ಒಯ್ಯಬಾರದೇಕೆ? ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಧರ್ಮಕೇಂದ್ರಗಳ ಪಾಲನಾ ಸಮಿತಿಗಳು ಈ ಡಿಸೆಂಬರಿಗೆ ಮುನ್ನವೇ ಇದನ್ನು ಚರ್ಚಿಸಲಿ. ಗ್ರಾಮಗಳಲ್ಲಿ ಸೇವೆ ಸಲ್ಲಿಸುವ ಧರ್ಮಭಗಿನಿಯರು ಇನ್ನೊಂದು ಉಪಕಾರ ಮಾಡಬಲ್ಲರು: ಗರ್ಭಿಣಿ ಮೊದಲ ಭೇಟಿಯಲ್ಲಿಯೂ, ಮತ್ತೆ 24ರಿಂದ 28ನೇ ವಾರದೊಳಗೂ 75 ಗ್ರಾಂ ಗ್ಲೂಕೋಸ್ ಕುಡಿದು ಎರಡು ಗಂಟೆಯ ನಂತರ ರಕ್ತಪರೀಕ್ಷೆ ಮಾಡಿಸಿಕೊಳ್ಳುವಂತೆ ಜೊತೆಗಿದ್ದು ಕರೆದೊಯ್ಯುವುದು. ಸರ್ಕಾರಿ ಆಸ್ಪತ್ರೆಯ ಸಾಲಿನಲ್ಲಿ ಎರಡು ಗಂಟೆ ಕಾಯುವುದು ದಿನಗೂಲಿ ಹೆಣ್ಣಿಗೆ ಸಣ್ಣ ಮಾತಲ್ಲ.

ಮತ್ತೊಂದು ಮಾಹಿತಿ. ಆರು ವರ್ಷದೊಳಗಿನ 40 ಮಕ್ಕಳಿದ್ದೂ ಅಂಗನವಾಡಿ ಇಲ್ಲದ ವಸತಿಯವರು ಕೇಳಿದರೆ ಮೂರು ತಿಂಗಳೊಳಗೆ ಅಂಗನವಾಡಿ ತೆರೆಯಬೇಕೆಂದು ಸರ್ವೋಚ್ಚ ನ್ಯಾಯಾಲಯ 2006ರ ಡಿಸೆಂಬರ್‌ನಲ್ಲಿ ಆದೇಶಿಸಿದೆ. ಅಂಥ ವಸತಿ ತಮ್ಮ ಗಮನಕ್ಕೆ ಬಂದ ಓದುಗರು ಅಲ್ಲಿಯವರೊಡನೆ ಕುಳಿತು ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳಿಗೆ ಮನವಿ ಬರೆಯಲು ನೆರವಾಗಬೇಕು. ಮನವಿ ಸಲ್ಲಿಸಿದ ದಿನದ ಮೊಹರು ಹಾಕಿಸಿದ ಒಂದು ಪ್ರತಿಯನ್ನು ಕೈಯಲ್ಲಿಟ್ಟುಕೊಳ್ಳಲು ಮರೆಯದಿರಿ. ಮೂರು ತಿಂಗಳ ಲೆಕ್ಕ ಆ ದಿನದಿಂದಲೇ ಆರಂಭವಾಗುತ್ತದೆ.